ಮೀನಿನ ಟ್ಯಾಂಕಿನ ಕೊಳಕು ನೀರಿಗೆ ಜಲ್ಲಿ-ಗಿಡದ ಪಾತಿ: ಅಳತೆ ಎಷ್ಟು, ಯಾವ ಗಿಡ?

ಬೈಲುಕರೆ, ಬ್ರಹ್ಮಾವರ

ತಲಾ 20,000 ಲೀಟರಿನ ನಾಲ್ಕು ಸಿಮೆಂಟ್ ಟ್ಯಾಂಕ್, ಪಂಗಾಸಿಯಸ್ ಮೀನು. ಮಾರಾಟದ ಹೊತ್ತಿಗೆ ದಿನಕ್ಕೆ 10 ಕೆ.ಜಿ. ಆಹಾರ ಬೇಕು, ಪ್ರೊಟೀನ್ ಶೇ. 30. ದಿನಾ 8,000 ಲೀಟರ್ ನೀರು ಬದಲಾಯಿಸುತ್ತೇವೆ. ಅದು ತೋಡಿಗೆ ಹೋಗಿ ಕೆಳಗಿನ ಗದ್ದೆಗೆ ಸೇರುತ್ತದೆ. ಭತ್ತ ಹುಲುಸಾಗಿ ಬೆಳೆದು ಮಲಗಿಬಿಡುತ್ತದೆ ಅಂತ ಗದ್ದೆಯವರ ದೂರು, ಅದು ನ್ಯಾಯವೂ ಹೌದು. ಪಕ್ಕದಲ್ಲಿ 4 ಸೆಂಟ್ಸ್ ಜಾಗ ಇದೆ. ಜಲ್ಲಿ ಪಾತಿಯಲ್ಲಿ ಗಿಡ ಬೆಳೆಸಿ, ನೀರನ್ನು ಮತ್ತೆ ಟ್ಯಾಂಕಿಗೇ ತಿರುಗಿಸಬೇಕೆಂದಿದ್ದೇವೆ. ಯಾವ ಗಿಡ ಒಳ್ಳೆಯದು? ಮಳೆಗಾಲಕ್ಕೆ ಏನು ಮಾಡುವುದು? ಬಾವಿ ನೀರಿನ ಪಿಎಚ್ 6.2.

ಜಲ್ಲಿಪಾತಿ

ಗಿಡದ ಪ್ರಶ್ನೆ ಕೊನೆಗಿರಲಿ. ಪಾತಿ ಕೆಡುವುದು ಗಿಡದಿಂದಲ್ಲ, ಹಿಕ್ಕೆಯಿಂದ ಮತ್ತು ಗಾಳಿ ಸಾಲದೆ. ಅಮೋನಿಯಾ ಕಳೆಯುವುದು ಬಹುಪಾಲು ಜಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ. ಗಿಡ ಹೀರುವುದು ಅದರಲ್ಲಿ ಸಣ್ಣ ಪಾಲು.

ಮೊದಲು ಲೆಕ್ಕ. ಆಹಾರದ ತೂಕ × ಪ್ರೊಟೀನ್ × 0.092 (ಪ್ರೊಟೀನಿನಲ್ಲಿ ಅಮೋನಿಯಾ ಸಾರಜನಕವಾಗಿ ನೀರಿಗೆ ಬರುವ ಪಾಲು). ಅಂದರೆ 10 × 0.30 × 0.092, ದಿನಕ್ಕೆ ಸುಮಾರು 276 ಗ್ರಾಂ ಅಮೋನಿಯಾ ಸಾರಜನಕ. ಜೊತೆಗೆ ಒಣ ತೂಕದಲ್ಲಿ ಎರಡೂವರೆ ಕೆ.ಜಿ.ಯಷ್ಟು ಹಿಕ್ಕೆ, ಉಳಿದ ಆಹಾರ. ಇದು ನೇರ ಜಲ್ಲಿಗೆ ಹೋದರೆ ಕೆಲವೇ ತಿಂಗಳಲ್ಲಿ ಸಂದು ಮುಚ್ಚುತ್ತದೆ. ಆದ್ದರಿಂದ ಮುಂದೆ ಒಂದು ತಂಗುತೊಟ್ಟಿ ಬೇಕೇ ಬೇಕು: 2 × 2 ಮೀಟರ್, ಒಂದು ಮೀಟರ್ ಆಳ, ತಳ ಒಂದು ಮೂಲೆಗೆ ಇಳಿಜಾರು. ಬೆಳಿಗ್ಗೆ, ಸಂಜೆ 4,000 ಲೀಟರಿನಂತೆ, ಒಂದು ಗಂಟೆ ಹಿಡಿಯುವ ಹಾಗೆ ನಿಧಾನ ಬಿಡಿ. ತಳದ ಕೆಸರನ್ನು ದಿನಾ ತೆಗೆದು ತೆಂಗಿನ ಬುಡಕ್ಕೆ ಹಾಕಿ. ಬಿಟ್ಟರೆ ಅಲ್ಲೇ ಕೊಳೆತು ಅಮೋನಿಯಾ ಮತ್ತೆ ನೀರಿಗೇ ಬರುತ್ತದೆ.

ನಂತರ ಮೇಲಿಂದ ಕೆಳಗೆ ನೀರು ಇಳಿಯುವ ಎರಡು ಪಾತಿ, ಒಂದೊಂದು 5 × 8 ಮೀಟರ್, ಹೆಚ್ಚುಕಡಿಮೆ ಒಂದೊಂದು ಸೆಂಟ್ಸ್. ಅಡಿಗೆ 5 ಸೆಂ.ಮೀ. ಮರಳು, ಅದರ ಮೇಲೆ 500 ಮೈಕ್ರಾನ್ ಎಚ್‌ಡಿಪಿಇ ಹಾಳೆ. ಮರಳು ಇಲ್ಲದಿದ್ದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಚೂಪು ಹಾಳೆಯನ್ನು ತೂತು ಮಾಡುತ್ತದೆ. ತಳದಲ್ಲಿ 15 ಸೆಂ.ಮೀ. 40 ಎಂಎಂ ಜಲ್ಲಿ, ಅದರೊಳಗೆ ತೂತು ಕೊರೆದ 110 ಎಂಎಂ ಪಿವಿಸಿ ಪೈಪ್. ಪೈಪಿನ ತುದಿ ಗಾಳಿಗಾಗಿ ಮೇಲಕ್ಕೆ ಬಂದಿರಲಿ. ಮೇಲೆ 10 ಸೆಂ.ಮೀ. 20 ಎಂಎಂ, ಆಮೇಲೆ 45 ಸೆಂ.ಮೀ. ಬೇಬಿ ಜಲ್ಲಿ. ಒಟ್ಟು 70 ಸೆಂ.ಮೀ.; ಎರಡಕ್ಕೂ ಸೇರಿ 56 ಘನ ಮೀಟರ್, ಸುಮಾರು 20 ಯೂನಿಟ್. ತೊಳೆದೇ ಹಾಕಿ. ಜಲ್ಲಿಪುಡಿ ಪೈಪಿನ ತೂತಿಗೆ ಕೂತರೆ ಇಡೀ ಪಾತಿ ಬಗೆಯಬೇಕಾಗುತ್ತದೆ.

ನೀರನ್ನು ಸದಾ ಹರಿಸಬೇಡಿ. ತಂಗುತೊಟ್ಟಿ ದಾಟಿದ ನೀರನ್ನು ಹಿಡಿದಿಟ್ಟು ದಿನಕ್ಕೆ ನಾಲ್ಕು ಸಲ, ಪ್ರತಿ ಸಲ 2,000 ಲೀಟರ್, ಹತ್ತು ನಿಮಿಷದಲ್ಲಿ ಎರಡೂ ಪಾತಿಯ ಮೇಲೆ ಹರಡಲಿ. ನೀರು ಇಳಿದಂತೆ ಅದರ ಹಿಂದೆಯೇ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಅದೇ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 4.57 ಗ್ರಾಂ ಆಮ್ಲಜನಕ ಬೇಕು. ಮೇಲೆ ನೀರು ನಿಲ್ಲತೊಡಗಿದರೆ ಒಂದು ಪಾತಿಗೆ ಹತ್ತು ದಿನ ರಜೆ ಕೊಟ್ಟು ಒಣಗಿಸಿ, ಹೊರೆಯೆಲ್ಲ ಇನ್ನೊಂದಕ್ಕೆ.

ಮೂರನೆಯದು ಅಡ್ಡ ಹರಿಯುವ ಪಾತಿ, ಒಂದು ಸೆಂಟ್ಸ್, ನೀರು ಜಲ್ಲಿಯ ಮೇಲ್ಮೈಗಿಂತ 5 ಸೆಂ.ಮೀ. ಕೆಳಗೆ. ಹೊರಬಾಯಿಯಲ್ಲಿ ಅಂಟು ಹಾಕದ ಎಲ್ಬೋ ಇಡಿ, ತಿರುಗಿಸಿದರೆ ಮಟ್ಟ ಏರುತ್ತದೆ, ಇಳಿಯುತ್ತದೆ. ಇಲ್ಲಿ ನೈಟ್ರೇಟಿನ ಒಂದು ಪಾಲು ಅನಿಲವಾಗಿ ಹೋಗುತ್ತದೆ. ನೀರು ಮೇಲೆ ಕಾಣದಂತೆ ಇಟ್ಟರೆ ಸೊಳ್ಳೆಗೂ ಜಾಗವಿಲ್ಲ. ಮಲೇರಿಯಾ, ಡೆಂಗ್ಯೂ ಕಾಡುವ ನಮ್ಮ ಕರಾವಳಿಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಗಿಡ: ಕ್ಯಾನ, ಲಾವಂಚ, ಕೆಸು, ಚದರ ಮೀಟರಿಗೆ ನಾಲ್ಕು. ಆಪು (ಜೊಂಡು) ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಬೀಜ ಗಾಳಿಯಲ್ಲಿ ಹಾರಿ ತೋಡು, ಗದ್ದೆ ಎಲ್ಲ ಹಿಡಿಯುತ್ತದೆ. ನಿಮ್ಮ ಜಾಗಕ್ಕೆ ಬೇಡ. ಕ್ಯಾನವನ್ನು ಎರಡು-ಮೂರು ತಿಂಗಳಿಗೊಮ್ಮೆ ಕತ್ತರಿಸಿ ಹೊರಗೆ ಸಾಗಿಸಿ. ಅಲ್ಲೇ ಕೊಳೆತರೆ ಹೀರಿದ್ದೆಲ್ಲ ವಾಪಸ್.

ಚಿಪ್ಪುಸುಣ್ಣ

ಮೇಲೆ ‘ಜಲ್ಲಿಪಾತಿ’ಯವರು ಕೊಟ್ಟ ಉತ್ತರದಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ: ಪಿಎಚ್ 6.2. ನಮ್ಮ ಮುರಕಲ್ಲು ನೆಲದ ನೀರಿನಲ್ಲಿ ಕ್ಷಾರಾಂಶ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ತೀರಾ ಕಡಿಮೆ. ಆ 276 ಗ್ರಾಂ ನೈಟ್ರೇಟ್ ಆಗುವಾಗ ಗ್ರಾಂಗೆ 7.14ರಂತೆ ದಿನಕ್ಕೆ ಸುಮಾರು ಎರಡು ಕೆ.ಜಿ. ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು ಕ್ಷಾರ ಖರ್ಚು. ಅದನ್ನು ತುಂಬದಿದ್ದರೆ ಪಿಎಚ್ ಇನ್ನೂ ಇಳಿದು ಬ್ಯಾಕ್ಟೀರಿಯಾದ ಕೆಲಸ ಕುಂಟುತ್ತದೆ. ಗಿಡ ಹಸಿರಾಗಿಯೇ ಇರುತ್ತದೆ, ಅಮೋನಿಯಾ ಮಾತ್ರ ಇಳಿಯುವುದಿಲ್ಲ. ಜನ ಆಗ ಗಿಡ ಬದಲಾಯಿಸಲು ಹೊರಡುತ್ತಾರೆ!

ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಒಳಬರುವ ಕಾಲುವೆಯಲ್ಲಿ ಅರ್ಧ ಅಡಿ ಹಾಸಿ. ಲೋಳೆ ಕಟ್ಟಿದರೆ ಕರಗುವುದು ನಿಲ್ಲುತ್ತದೆ, ಆಗಾಗ ಉಜ್ಜಿ ತೊಳೆಯಿರಿ. ಚಿಪ್ಪು ನಿಧಾನ, ಪೂರ್ತಿ ಹೊರೆಯಿರುವಾಗ ಡೋಲೊಮೈಟ್ ಪುಡಿ ಅಥವಾ ಅಡುಗೆ ಸೋಡಾ ಸಹ ಬೇಕಾಗುತ್ತದೆ. ಸುಟ್ಟ ಸುಣ್ಣವನ್ನು ಟ್ಯಾಂಕಿಗೆ ಸುರಿಯಬೇಡಿ. ಪಿಎಚ್ 7ರಲ್ಲಿ ಅಮೋನಿಯಾದ ವಿಷರೂಪ ನೂರರಲ್ಲಿ ಒಂದು ಪಾಲಿಗೂ ಕಡಿಮೆ. 9ಕ್ಕೆ ಹೋದರೆ ನಮ್ಮ ಸೆಕೆಯಲ್ಲಿ ನಲವತ್ತು ಪಾಲು, ಮೀನು ರಾತ್ರಿಯೊಳಗೆ ಸಾಯುತ್ತದೆ.

ಬೈಲುಕರೆ, ಬ್ರಹ್ಮಾವರ

ತುಂಬಾ ಉಪಕಾರ. ಜಲ್ಲಿಯ ಬದಲು ಮುರಕಲ್ಲಿನ ತುಂಡು ಹಾಕಬಹುದಾ? ಇಲ್ಲಿ ಸುಲಭವಾಗಿ ಸಿಗುತ್ತದೆ. ಬೇಸಿಗೆಯಲ್ಲಿ ಹೊಳೆಯ ಉಪ್ಪು ಬಾವಿಗೂ ಸ್ವಲ್ಪ ಬರುತ್ತದೆ.

ಜಲ್ಲಿಪಾತಿ

ಮುರಕಲ್ಲಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಡುತ್ತದೆ, ಅದು ನಿಜವಾದ ಲಾಭ. ಆದರೆ ಮೆತ್ತಗಿನದು ಪುಡಿಯಾಗುತ್ತದೆ. ಮೇಲಿಂದ ಇಳಿಯುವ ಪಾತಿಗೆ ಬೇಡ. ಮೂರನೆಯದರ ಕೊನೆಯ ಮೀಟರಿಗೆ ಗಟ್ಟಿ ತುಂಡು ತೊಳೆದು ಹಾಕಿ, ರಂಜಕ ಹಿಡಿಯುವುದು ನಿಂತಾಗ ಬದಲಾಯಿಸಿ. ಉಪ್ಪು ಬಂದರೆ ಮೊದಲು ಕ್ಯಾನದ ಎಲೆಯಂಚು ಸುಡುತ್ತದೆ, ಲಾವಂಚ ತಡೆಯುತ್ತದೆ. ಅದನ್ನೇ ಹೆಚ್ಚು ಹಾಕಿ.

ಮಳೆಗಾಲ: ಮೂರು ಪಾತಿ ಸೇರಿ 120 ಚದರ ಮೀಟರ್. ದಿನಕ್ಕೆ 100 ಮಿ.ಮೀ. ಸುರಿದರೆ 12,000 ಲೀಟರ್, ನಿಮ್ಮ ದಿನದ ನೀರಿಗಿಂತ ಜಾಸ್ತಿ. ಸುತ್ತ ಒಂದು ಅಡಿ ದಂಡೆ ಎತ್ತರಿಸಿ. ಮಾಡಿನ ನೀರು, ಗುಡ್ಡದ ನೀರು ಒಳಗೆ ಬಾರದಿರಲಿ. ಬೈಲಿನಲ್ಲಿ ಅಂತರ್ಜಲ ಏರಿ ಹಾಳೆಯನ್ನು ಎತ್ತದಂತೆ ಅದರ ಅಡಿಗೊಂದು ಬಸಿಗಾಲುವೆ ಕೊಡಿ. ಪತ್ತನಾಜೆಯ (ಮೇ ಕೊನೆಯ ವಾರ) ಒಳಗೆ ಎಲ್ಲ ಕೆಲಸ ಮುಗಿದು ಗಿಡ ಬೇರೂರಿರಬೇಕು. ಆಟಿಯ (ಜುಲೈ-ಆಗಸ್ಟ್) ಮಳೆಗೆ ಹೊಸ ಸಸಿ ಕಿತ್ತು ಹೋಗುತ್ತದೆ.

ಮೊದಲ ನಾಲ್ಕರಿಂದ ಆರು ವಾರ ಕಾಲು ಭಾಗ ಹೊರೆ ಮಾತ್ರ, ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಮಯ ಬೇಕು. ತಂಗುತೊಟ್ಟಿಯ ನಂತರ ಒಂದು ಬದಿದಾರಿ ವಾಲ್ವ್ ಕೂರಿಸಿ. ಪೊಟ್ಯಾಸಿಯಂ ಪರ್ಮಾಂಗನೇಟ್, ಫಾರ್ಮಲಿನ್, ಆ್ಯಂಟಿಬಯಾಟಿಕ್ ಹಾಕಿದ ನೀರು ಪಾತಿಗೆ ಹೋಗಕೂಡದು, ತೋಡಿಗೂ ಬಿಡಬಾರದು. ಅದಕ್ಕೆ ಬೇರೆ ಗುಂಡಿ ಮಾಡಿ ಹಿಡಿದಿಡಿ.