ಮೊದಲು ಕುತ್ತಿಗೆಯ ಎಕ್ಸ್‌ರೇ ಮಾಡಿಸು

ಪುಟ್ಟಿ, ನಿನ್ನ ಮೆಸೇಜ್ ನೋಡಿದೆ ಕಣೆ. ಮಗುವಿನ ಎರಡೂ ಮಂಡಿ ಉಲ್ಟಾ ಬಾಗಿವೆ, ಪಾದ ಒಳಗೆ ತಿರುಗಿವೆ, ಮುಖ ಚಪ್ಪಟೆ, ಡಾಕ್ಟರು ಲಾರ್ಸನ್ ಸಿಂಡ್ರೋಮ್, ಅಂದ್ರೆ ಹುಟ್ಟುವಾಗಲೇ ಹಲವು ಕೀಲು ತಪ್ಪಿರೋ ಅಪರೂಪದ ತೊಂದರೆ, ಇರಬಹುದು ಅಂದ್ರು ಅಂತ ಬರೆದಿದ್ದೀಯ. ಟೈಪ್ ಮಾಡ್ತಾ ಕೂತರೆ ಮುಗಿಯಲ್ಲ, ಅದಕ್ಕೆ ಮನೆಯವರ ಗ್ರೂಪಿಗೆ ಮಾತಾಡೇ ಕಳಿಸ್ತಿದೀನಿ.

ಮೊದಲು ದೊಡ್ಡಪ್ಪನಿಗೆ ಒಂದು ಮಾತು. ಬೇಜಾರು ಮಾಡ್ಕೋಬೇಡಿ ದೊಡ್ಡಪ್ಪ, ನೀವು ಹೇಳಿದ ಹಾಗೆ ಕಾಲು ಎಳೆದು ನೀವೋದು ಖಂಡಿತ ಬೇಡ. ಅಲ್ಲಿ ಮೂಳೆ ಕೀಲಿನಿಂದಲೇ ಜಾರಿದೆ. ಮೊಣಕಾಲಿನ ಕೆಳಗಿನ ಮೂಳೆ ತೊಡೆ ಮೂಳೆಯ ಮುಂದಕ್ಕೆ ಬಂದುಬಿಟ್ಟಿರತ್ತೆ, ಅದಕ್ಕೇ ಪಾದ ಹೊಟ್ಟೆ ಕಡೆಗೆ ಏಳೋದು.

ನೋಡು ಪುಟ್ಟಿ, ಮೂಗಿನ ಬುಡ ತಗ್ಗಾಗಿರೋ ಕೂಸುಗಳು ಬೇಕಾದಷ್ಟು. ಪಾದ ತಿರುಗಿರೋದೂ ಅಷ್ಟೇನೂ ಅಪರೂಪ ಅಲ್ಲ. ಆದ್ರೆ ಸೊಂಟ, ಮಂಡಿ, ಮೊಣಕೈ ಹೀಗೆ ಹಲವು ಕೀಲು ಹುಟ್ಟುವಾಗಲೇ ತಪ್ಪಿದ್ದು, ಜೊತೆಗೆ ಹಣೆ ಮುಂದೆ ಬಂದು, ಕಣ್ಣುಗಳ ನಡುವೆ ಅಂತರ ಜಾಸ್ತಿ ಇದ್ರೆ ಆಗ ಈ ಹೆಸರು ನೆನಪಾಗತ್ತೆ. ಹೆಬ್ಬೆರಳಿನ ತುದಿ ನೋಡು, ಚಮಚದ ಹಾಗೆ ಅಗಲವಾಗಿ ಚಪ್ಪಟೆ ಇದೆಯಾ? ಇದ್ರೆ ಡಾಕ್ಟರಿಗೆ ತಪ್ಪದೇ ತೋರಿಸು. ಬಾಯೊಳಗೆ ಅಂಗುಳು ಸೀಳಿದೆಯಾ ಅಂತ ಟಾರ್ಚ್ ಹಾಕಿ ನೋಡೋಕೆ ಹೇಳು. ಉಸಿರಾಡುವಾಗ ಗೊರಗೊರ ಸದ್ದು ಬಂದ್ರೆ ಅದನ್ನೂ ಹೇಳು, ಕೆಲವು ಮಕ್ಕಳಿಗೆ ಶ್ವಾಸನಾಳ ಮೆತ್ತಗಿರತ್ತೆ. ಕಿವಿ ಪರೀಕ್ಷೆಯೂ ಆಗಲಿ.

ಇದೆಲ್ಲಕ್ಕಿಂತ ಮುಖ್ಯ ಕುತ್ತಿಗೆ. ಕಾಲು ಎಲ್ಲರ ಕಣ್ಣಿಗೂ ಬೀಳತ್ತೆ, ಕುತ್ತಿಗೆ ಹೊರಗಿಂದ ಏನೂ ಹೇಳಲ್ಲ. ಒಳಗೆ ಕತ್ತಿನ ಮೂಳೆಗಳು ಸರಿಯಾಗಿ ಬೆಳೆದಿಲ್ಲ ಅಂದ್ರೆ ಅಲ್ಲಿ ಬಾಗಿ, ಬೆನ್ನುಹುರಿಯ ಮೇಲೆ ಒತ್ತಡ ಬೀಳಬಹುದು. ಕೈಕಾಲಿನ ಶಕ್ತಿ ಹೋಗಬಹುದು, ಪ್ರಾಣಕ್ಕೂ ಅಪಾಯ. ಅನಸ್ತೇಸಿಯಾ ಕೊಡುವಾಗ ಕತ್ತು ಹಿಂದಕ್ಕೆ ಬಾಗಿಸ್ತಾರಲ್ಲ, ಅದಕ್ಕೆ ಯಾವ ಆಪರೇಷನ್ ಆದ್ರೂ ಅದಕ್ಕಿಂತ ಮುಂಚೆ ಪಕ್ಕದಿಂದ ತೆಗೆದ ಕುತ್ತಿಗೆಯ ಎಕ್ಸ್‌ರೇ ಆಗಿರಲೇಬೇಕು. ಅನುಮಾನ ಬಂದ್ರೆ ಎಂಆರ್‌ಐ. ಅವರಾಗಿ ಹೇಳದಿದ್ರೆ ನೀನೇ ಬಾಯಿಬಿಟ್ಟು ಕೇಳು. ಅಲ್ಲಿವರೆಗೂ ಎತ್ತಿಕೊಳ್ಳೋರೆಲ್ಲ ತಲೆ, ಕತ್ತು, ಬೆನ್ನು ಒಟ್ಟಿಗೆ ಆನಿಸಿ ಎತ್ತಲಿ. ಮಕ್ಕಳ ಫಿಸಿಯೋ ಕೆಲಸ ಮಾಡೋಳಾಗಿ ನಾನು ಪಟ್ಟು ಹಿಡಿಯೋದು ಇದೊಂದಕ್ಕೇ.

ಬಸುರಿನಲ್ಲಿ ನಾನೇನು ತಪ್ಪು ಮಾಡಿದೆ ಅಂತ ಕೇಳಿದ್ದೀಯಲ್ಲ, ಏನೂ ಇಲ್ಲ ಕಣೆ. ಹೆಚ್ಚಾಗಿ ಎಫ್‌ಎಲ್‌ಎನ್‌ಬಿ ಅನ್ನೋ ಜೀನ್‌ನಲ್ಲಿ ಆದ ಬದಲಾವಣೆ ಇದು. ಮಗುವಿನಲ್ಲೇ ಹೊಸದಾಗಿ ಆಗಿರಬಹುದು, ಇಲ್ಲಾ ಅಪ್ಪ ಅಮ್ಮನಲ್ಲಿ ಒಬ್ಬರಿಗೆ ತೀರಾ ಸೌಮ್ಯವಾಗಿ ಇದ್ದು ಗೊತ್ತೇ ಆಗಿರಲಿಕ್ಕಿಲ್ಲ. ಹಾಗೆ ಒಬ್ಬರಿಗೆ ಇದ್ರೆ ಮುಂದಿನ ಪ್ರತಿ ಬಸುರಿನಲ್ಲೂ 50% ಸಾಧ್ಯತೆ ಇರತ್ತೆ, ಅದಕ್ಕೆ ನಿಮ್ಮಿಬ್ಬರನ್ನೂ ಪರೀಕ್ಷೆ ಮಾಡ್ತಾರೆ.

ಬುದ್ಧಿಗೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಮಂಡಿಗೆ, ಪಾದಕ್ಕೆ ವಾರವಾರ ಪ್ಲಾಸ್ಟರ್ ಬದಲಿಸ್ತಾ ಸ್ವಲ್ಪ ಸ್ವಲ್ಪವೇ ತಿರುಗಿಸ್ತಾರೆ, ಎಷ್ಟೋ ಸಲ ಆಪರೇಷನ್ನೂ ಬೇಕಾಗತ್ತೆ. ನಡೆಯೋದು ತಡವಾಗತ್ತೆ, ಅದಕ್ಕೆ ಈಗಲೇ ಕೊರಗಬೇಡ.

ಎಕ್ಸ್‌ರೇ ಬಂದ ತಕ್ಷಣ ಗ್ರೂಪಿಗೆ ಹಾಕಬೇಡ, ನನಗೊಬ್ಬಳಿಗೆ ಕಳಿಸು. ಡಾಕ್ಟರ ಹತ್ರ ಹೋಗೋ ಮುಂಚೆ ಕೇಳಬೇಕಾದ್ದನ್ನೆಲ್ಲ ಫೋನಲ್ಲೇ ಒಟ್ಟಿಗೆ ಬರೆದಿಟ್ಕೊಳ್ಳೋಣ.