ಡಿಸ್ಕ್ ಆಪರೇಷನ್ ಆದ ನಾಯಿಯನ್ನು ಮನೆಯಲ್ಲಿ ನೋಡಿಕೊಂಡವರು ಯಾರಾದರೂ ಇದ್ದೀರಾ?

ಜಿಮ್ಮಿ ಮನೆಯವರು, ಮೈಸೂರು

ನಮ್ಮ ಜಿಮ್ಮಿ ಡ್ಯಾಶ್‌ಹಂಡ್, 4 ವರ್ಷ, 9 ಕೆಜಿ. ಹೋದ ವಾರ ಬೆಳಗ್ಗೆ ಎದ್ದವನೇ ಬೆನ್ನು ಗೂನು ಮಾಡಿಕೊಂಡು ನಡುಗುತ್ತಾ ನಿಂತಿದ್ದ. ಸಂಜೆ ಹೊತ್ತಿಗೆ ಹಿಂದಿನ ಎರಡೂ ಕಾಲು ಎಳೆಯೋಕೆ ಶುರು ಮಾಡಿದ. ಎಂಆರ್‌ಐ ಮಾಡಿಸಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಒಡೆದು ಬೆನ್ನುಹುರಿಯನ್ನು ಒತ್ತುತ್ತಿದೆ ಅಂತ ಗೊತ್ತಾಯ್ತು. ಬೆಂಗಳೂರಿನಲ್ಲಿ ಆಪರೇಷನ್ ಆಗಿದೆ, ನಾಳಿದ್ದು ಮನೆಗೆ ಕರ್ಕೊಂಡು ಬರ್ತೀವಿ. ಕಾಲಿನ ಬೆರಳನ್ನು ಗಟ್ಟಿಯಾಗಿ ಒತ್ತಿದರೆ ನೋವು ಗೊತ್ತಾಗುತ್ತೆ ಅಂದಿದ್ದಾರೆ ಡಾಕ್ಟರ್, ಆದರೆ ಕಾಲು ಆಡುತ್ತಿಲ್ಲ, ಮೂತ್ರ ತಾನಾಗಿ ಮಾಡುತ್ತಿಲ್ಲ. ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ, ಹಗಲು ಅತ್ತೆ ಒಬ್ಬರೇ ಇರ್ತಾರೆ. ಸೋಫಾ ಮೇಲಿಂದ ಹಾರೋಕೆ ಬಿಟ್ಟಿದ್ದೇ ತಪ್ಪಾಯ್ತಾ ಅಂತ ರಾತ್ರಿ ನಿದ್ದೆ ಬರ್ತಿಲ್ಲ. ಏನೇನು ರೆಡಿ ಮಾಡಿಕೊಳ್ಳಬೇಕು, ದಯವಿಟ್ಟು ಹೇಳಿ.

ಗುಂಡನ ಅಮ್ಮ, ಬೆಂಗಳೂರು

ಮೊದಲು ಆ ಸೋಫಾ ವಿಷಯ ಮನಸ್ಸಿನಿಂದ ತೆಗೆದುಹಾಕಿ. ಈ ಗಿಡ್ಡ ಕಾಲಿನ ತಳಿಗಳಲ್ಲಿ ಡಿಸ್ಕ್ ಒಳಗಿನ ಮೆತ್ತನೆ ಭಾಗ ಚಿಕ್ಕ ವಯಸ್ಸಿಗೇ ಒಣಗಿ, ಸುಣ್ಣ ಕಟ್ಟಿದ ಹಾಗೆ ಗಟ್ಟಿಯಾಗುತ್ತೆ. 2017ರಲ್ಲಿ ಅಮೆರಿಕದ ಯುಸಿ ಡೇವಿಸ್ ಸಂಶೋಧಕರು ಇದಕ್ಕೆ ಕಾರಣವಾದ ಒಂದು ಜೀನ್ ಬದಲಾವಣೆಯನ್ನೂ ಗುರುತಿಸಿದ್ದಾರೆ. ಹುಟ್ಟಿನಿಂದಲೇ ಬಂದಿದ್ದು ಅದು. ಸೋಫಾ ಹತ್ತದ ನಾಯಿಗೂ ನಿದ್ದೆಯಿಂದ ಎದ್ದಾಗ ಹೀಗೇ ಆಗಿರುವುದುಂಟು.

ನಮ್ಮ ಗುಂಡನೂ ಡ್ಯಾಶ್‌ಹಂಡೇ. 5 ವರ್ಷಕ್ಕೆ ಆಪರೇಷನ್ ಆಯ್ತು, ಈಗ 7. ನಡೆಯುತ್ತಾನೆ, ತಿರುಗುವಾಗ ಹಿಂಭಾಗ ಸ್ವಲ್ಪ ವಾಲುತ್ತೆ, ಅಷ್ಟೇ. ನಿಮ್ಮ ಜಿಮ್ಮಿಗೆ ಬೆರಳಿನ ನೋವು ಗೊತ್ತಾಗ್ತಿದೆ ಅಂದ್ರಲ್ಲ, ಅದು ನಿಜಕ್ಕೂ ದೊಡ್ಡ ಸಮಾಧಾನದ ಮಾತು. ಆ ನೋವು ಉಳಿದಿರುವಾಗ ಆಪರೇಷನ್ ಆದರೆ ಹೆಚ್ಚಿನ ನಾಯಿಗಳು ಮತ್ತೆ ನಡೆಯುತ್ತವೆ. ಆದರೆ ವಾರಗಳು ಹಿಡಿಯುತ್ತೆ. ಹಾಗಾಗಿ ನಾನು ಹೇಳೋದು ಒಂದೇ: ಮೊದಲ ಎರಡು ವಾರ ಕಾಲು ನೋಡುತ್ತಾ ಕೂರಬೇಡಿ, ಮೂತ್ರದ ಕಡೆ ಗಮನ ಕೊಡಿ.

ನಾನು ಅಲ್ಲೇ ಎಡವಿದ್ದು. ಮನೆಗೆ ಬಂದ ಮಾರನೇ ದಿನ ಹಾಸಿಗೆ ಒದ್ದೆಯಾಗಿತ್ತು. ಅಬ್ಬಾ, ತಾನೇ ಮಾಡ್ತಿದ್ದಾನೆ ಅಂತ ಖುಷಿಯಾಗಿ ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಅದು ಮಾಡಿದ್ದಲ್ಲ, ಹಂಡೆ ತುಂಬಿ ಹೊರಗೆ ಚೆಲ್ಲಿದ್ದು. ಮೂತ್ರಕೋಶ ಪೂರ್ತಿ ತುಂಬಿ ಬಿಗಿದುಕೊಂಡಿದ್ದಾಗ ಸ್ವಲ್ಪ ಸ್ವಲ್ಪ ಸೋರುತ್ತೆ, ಒಳಗೆ ಮಾತ್ರ ಹಾಗೇ ಉಳಿದಿರುತ್ತೆ. ಆರನೇ ದಿನ ಕೆಟ್ಟ ವಾಸನೆ, ಮಜ್ಜಿಗೆ ನೀರಿನ ಹಾಗೆ ಕದಡಿದ ಬಣ್ಣ, ಸೋಂಕು. ಕಳಿಸುವಾಗ ಆಸ್ಪತ್ರೆಯವರು ಚೀಟಿ ಕೈಗಿಟ್ಟು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ್ದರು, ನಾನೂ ಅಳುತ್ತಾ ನಿಂತಿದ್ದವಳು ಏನೂ ಕೇಳಲಿಲ್ಲ. ನೀವು ಹಾಗೆ ಬರಬೇಡಿ. ಡಾಕ್ಟರ್ ಕೈ ಕೆಳಗೆ ನಿಮ್ಮ ಕೈ ಇಟ್ಟು ಮೂತ್ರ ತೆಗೆಯೋದು ಹೇಗೆ ಅಂತ ಕಲಿತೇ ಬನ್ನಿ. ಆಗುವುದಾದರೆ ಅತ್ತೆಯವರನ್ನೂ ಕರ್ಕೊಂಡು ಹೋಗಿ. ಒಂದು ಸಲ ಅಲ್ಲ, ಎರಡು ಮೂರು ಸಲ ಮಾಡಿಸಿ ನೋಡಿ, ವಿಡಿಯೋ ಮಾಡಿಕೊಳ್ಳಿ.

ನಾನು ಮಾಡ್ತಿದ್ದ ರೀತಿ ಹೇಳ್ತೀನಿ. ಬಾತ್‌ರೂಮ್‌ನಲ್ಲಿ ಅವನನ್ನು ನಿಲ್ಲಿಸಿ, ಮುಖ ನನ್ನ ಮೊಣಕಾಲ ಕಡೆ ತಿರುಗಿಸಿ, ಮನೆಯವರು ಎದೆ ಕೆಳಗೆ ಹಿಡಿದುಕೊಳ್ಳುತ್ತಿದ್ದರು. ಎರಡೂ ಅಂಗೈಗಳನ್ನು ಚಪ್ಪಟೆಯಾಗಿ ಹೊಟ್ಟೆಯ ಎರಡು ಪಕ್ಕ ಇಡಬೇಕು, ಹಿಂದಿನ ತೊಡೆಗಳಿಗಿಂತ ಸ್ವಲ್ಪ ಮುಂದೆ. ಬೆರಳ ತುದಿಯಿಂದ ಚುಚ್ಚಬಾರದು. ನಿಧಾನಕ್ಕೆ ಕೈಗಳನ್ನು ಹತ್ತಿರ ತಂದರೆ ಒಳಗೆ ನೀರು ತುಂಬಿದ ಬಲೂನಿನ ಹಾಗೆ ಒಂದು ಉಂಡೆ ಸಿಗುತ್ತೆ, ಗುಂಡನದು ಮೂಸಂಬಿ ಗಾತ್ರ ಇರ್ತಿತ್ತು. ಸಿಕ್ಕ ಮೇಲೆ ಒಂದೇ ಸಮನೆ, ಬಾಲದ ಕಡೆಗೆ, ಮೆಲ್ಲಗೆ ಒತ್ತುತ್ತಾ ಹೋಗಬೇಕು. ಮೊದಲು ಹನಿ ಬರುತ್ತೆ, ಆಮೇಲೆ ಧಾರೆ. ಧಾರೆ ನಿಂತ ಮೇಲೂ ಕೈ ತೆಗೀಬೇಡಿ, ಇನ್ನೊಂದು ಸಲ ಹುಡುಕಿ, ಉಂಡೆ ಚಪ್ಪಟೆ ಆಗಿರಬೇಕು. ಅವನು ಹೊಟ್ಟೆ ಬಿಗಿ ಹಿಡಿದರೆ ಬಿಟ್ಟುಬಿಡಿ, ಬೆನ್ನು ಸವರಿ, ಅವನು ಉಸಿರು ಬಿಟ್ಟಾಗ ಮತ್ತೆ ಮಾಡಿ. ಜೋರು ಮಾಡಿದರೆ ಒಳಗೆ ಪೆಟ್ಟಾಗುತ್ತೆ. ಎಷ್ಟು ಮಾಡಿದರೂ ಬರಲಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮೂತ್ರಕೋಶದ ಬಾಯಿ ಸಡಿಲ ಮಾಡೋ ಮಾತ್ರೆ ಇದೆ, ಗುಂಡನಿಗೂ ಕೊಟ್ಟಿದ್ದರು.

ದಿನಕ್ಕೆ 4 ಸಲ. ನಮ್ಮದು ಬೆಳಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 11. ನನಗೆ ಕೈ ಕೂರೋಕೆ ನಾಲ್ಕು ದಿನ ಬೇಕಾಯ್ತು. ಒಂದು ಸಣ್ಣ ಉಪಾಯ: ಕೆಳಗೆ ಮಗುವಿನ ಡೈಪರ್ ಹಿಡಿದು, ಆಮೇಲೆ ಅದನ್ನು ಬೇರೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಣ ಡೈಪರ್ ತೂಕ ಕಳೆದರೆ ಎಷ್ಟು ಬಂತು ಅಂತ ಗೊತ್ತಾಗುತ್ತೆ. ಯಾವತ್ತಾದರೂ ದಿಢೀರ್ ಕಮ್ಮಿ ಆದರೆ ತಕ್ಷಣ ಕಣ್ಣಿಗೆ ಬೀಳುತ್ತೆ.

ಕಕ್ಕದ ಚಿಂತೆ ಬೇಡ, ಅದು ತಾನಾಗಿ ಬೀಳುತ್ತೆ.

ಹಾಸಿಗೆಗೆ: ಕೆಳಗೆ ದಪ್ಪ ಹತ್ತಿ ಹಾಸಿಗೆ, ಮೇಲೆ ಬಾಣಂತಿ ಕೋಣೆಗೆ ತರ್ತೀವಲ್ಲ ಆ ರಬ್ಬರ್ ಶೀಟ್, ಅದರ ಮೇಲೆ ಹಳೆ ಕಾಟನ್ ಸೀರೆ ಎರಡು ಮಡಿಕೆ, ಎಲ್ಲದರ ಮೇಲೆ ಮೆಡಿಕಲ್ ಸ್ಟೋರ್‌ನಲ್ಲಿ ಸಿಗೋ ಅಂಡರ್‌ಪ್ಯಾಡ್. 4 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟದ ಮೂಳೆ ಹತ್ತಿರ ಚರ್ಮ ಕೆಂಪಾಗಿದ್ರೆ ಅಲ್ಲಿಂದಲೇ ಹುಣ್ಣು ಶುರು. ಒದ್ದೆಯಾದ ಜಾಗ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಹೊಲಿಗೆ ಹಾಕಿದ ಜಾಗಕ್ಕೆ ಮಾತ್ರ ನೀರು ತಾಗಬಾರದು, ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ.

ಮಾತ್ರೆ ಬಗ್ಗೆ ದಯವಿಟ್ಟು ಹುಷಾರು. ನೋವಿದೆ ಅಂತ ಮನೆಯಲ್ಲಿರೋ ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಕೊಡಬೇಡಿ, ನಾಯಿಗೆ ವಿಷ ಆಗುತ್ತೆ. ನೋವಿನ ಮಾತ್ರೆ ನಡೀತಿರುವಾಗ ಬೇರೆ ಯಾರೋ ಸ್ಟಿರಾಯ್ಡ್ ಬರೆದರೆ ಎರಡನ್ನೂ ಒಟ್ಟಿಗೆ ಕೊಡಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಗಾಬಾಪೆಂಟಿನ್ ಅನ್ನೋ ನರದ ನೋವಿನ ಮಾತ್ರೆ ಕೊಟ್ಟಿದ್ದರೆ ಅವನು ತೂಕಡಿಸುತ್ತಾನೆ, ಅದಕ್ಕೆ ಹೆದರಬೇಡಿ.

ಹೆದರಬೇಕಾದ್ದು ಇದಕ್ಕೆ: ಮೊದಲ ವಾರದಲ್ಲಿ ಜ್ವರ, ಹೊಟ್ಟೆ ಜೋಲು ಬಿದ್ದ ಹಾಗಾಗೋದು, ಮುಂದಿನ ಕಾಲೂ ಸೋಲೋದು, ಉಸಿರಾಟ ಕಷ್ಟ ಆಗೋದು. ಇದು ಅಪರೂಪ. ಕಂಡರೆ ಮಾತ್ರ ರಾತ್ರಿ ಎರಡು ಗಂಟೆಯಾದರೂ ಹೊರಟುಬಿಡಿ.

ಜಿಮ್ಮಿ ಮನೆಯವರು

ಓದುತ್ತಾ ಕಣ್ಣಲ್ಲಿ ನೀರು ಬಂತು. ಅತ್ತೆಗೆ ಪೂರ್ತಿ ಓದಿ ಹೇಳಿದೆ. ನಾಳೆ ಅವರೂ ಬರ್ತಾರೆ. ಮನೆಯಲ್ಲೆಲ್ಲ ಟೈಲ್ಸ್, ಅದಕ್ಕೇನು ಮಾಡಲಿ? ಮೆಟ್ಟಿಲು ಹೇಗೆ? ವ್ಯಾಯಾಮ ಮಾಡಿಸಬೇಕು ಅಂತಲೂ ಹೇಳಿದ್ರು, ಬೆನ್ನು ಮುಟ್ಟೋಕೇ ಭಯ.

ಪುಟ್ಟಣ್ಣನ ಯಜಮಾನ, ಉಡುಪಿ

ನಮ್ಮದು ಬೀಗಲ್, 14 ಕೆಜಿ. ಬೀಗಲ್‌ಗೂ ಇದು ಬರುತ್ತೆ ಅಂತ ನಮಗೆ ಗೊತ್ತೇ ಇರಲಿಲ್ಲ. ಟೈಲ್ಸ್ ಮೇಲೆ ಯೋಗ ಮ್ಯಾಟ್ ಹಾಸಿ, ಅಂಚು ಸುತ್ತ ಟೇಪ್ ಅಂಟಿಸಿ. ನಾನು ಮೊದಲು ತೆಂಗಿನ ನಾರಿನ ಮ್ಯಾಟ್ ಹಾಕಿದ್ದೆ, ಜಾರೋದೇನೋ ನಿಂತಿತು, ಆದರೆ ಅವನು ಪಾದ ಮಡಚಿ ಎಳೆಯುತ್ತಿದ್ದನಲ್ಲ, ಪಾದದ ಮೇಲ್ಭಾಗ ಎರಡೇ ದಿನಕ್ಕೆ ಸಿಪ್ಪೆ ಸುಲಿದ ಹಾಗೆ ಆಯ್ತು. ಪಾದದ ಬೆರಳ ಸಂದಿಯ ಕೂದಲು ಕತ್ತರಿಸಿ, ಉಗುರು ತೆಗೆಸಿ, ಹಿಡಿತ ಸಿಗುತ್ತೆ.

ಎತ್ತುವಾಗ ಕಂಕುಳ ಕೆಳಗೆ ಮಾತ್ರ ಹಿಡಿದು ಎತ್ತಬೇಡಿ, ಹಿಂಭಾಗ ಜೋತಾಡುತ್ತೆ. ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ, ಬೆನ್ನು ನೆಲಕ್ಕೆ ಸಮವಾಗಿರಬೇಕು. ಮೆಟ್ಟಿಲಲ್ಲಿ ಯಾವಾಗಲೂ ಎತ್ತಿಕೊಂಡೇ. ಜಿಮ್ಮಿ 9 ಕೆಜಿ, ಅತ್ತೆಯವರು ಎತ್ತಿಕೊಂಡು ಎರಡು ಮಹಡಿ ಇಳಿಯೋದು ಬೇಡವೇ ಬೇಡ. ಹಗಲು ಬಾಲ್ಕನಿ, ಬಾತ್‌ರೂಮ್‌ನಲ್ಲೇ ಮುಗಿಸಲಿ. ನಿಲ್ಲಿಸುವಾಗ ಬೈರಾಸನ್ನು (ಟವೆಲ್) ಹೊಟ್ಟೆ ಕೆಳಗೆ, ಹಿಂಗಾಲಿನ ಮುಂದೆ ಹಾಕಿ ಎರಡೂ ತುದಿ ಮೇಲೆ ಹಿಡಿದುಕೊಳ್ಳಿ. ನೇತುಹಾಕೋದಲ್ಲ, ಪಾದ ನೆಲಕ್ಕೆ ಊರಿರಬೇಕು, ನೀವು ಬೀಳದ ಹಾಗೆ ಹಿಡಿದಿದ್ದರೆ ಸಾಕು. ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾಕೋ ಹಾರ್ನೆಸ್ ತಗೊಳ್ಳಿ.

ವ್ಯಾಯಾಮ ಯಾವಾಗ ಶುರು ಅಂತ ಡಾಕ್ಟರ್ ಹೇಳಲಿ. ನಾವು ಮಾಡಿದ್ದು: ಪಕ್ಕಕ್ಕೆ ಮಲಗಿಸಿ, ಮೊದಲು ತೊಡೆ ಮೆಲ್ಲಗೆ ಸವರಿ, ಆಮೇಲೆ ಬೆರಳು, ಹಿಮ್ಮಡಿ, ಮಂಡಿ, ಸೊಂಟ ಒಂದೊಂದನ್ನೇ ಮಡಚಿ ಬಿಡಿಸೋದು, ಒಂದೊಂದು 10 ಸಲ, ದಿನಕ್ಕೆ 3 ಹೊತ್ತು. ಕೊನೆಗೆ ಸೈಕಲ್ ತುಳಿಸಿದ ಹಾಗೆ ಇಡೀ ಕಾಲು. ಬೆನ್ನು ಮುಟ್ಟೋದೇ ಇಲ್ಲ, ಹಾಗಾಗಿ ಭಯ ಬೇಡ. ಪಾದದ ಅಡಿ ಮುಟ್ಟಿ ಕಚಗುಳಿ ಇಟ್ಟರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತೆ. ಅದು ಕಂಡು ನಾನು ನಡೆದೇಬಿಟ್ಟ ಅಂದುಕೊಂಡಿದ್ದೆ, ಅದು ಬರೀ ರಿಫ್ಲೆಕ್ಸ್, ಅವನು ಬೇಕು ಅಂತ ಮಾಡಿದ್ದಲ್ಲ, ಕಾಲು ತಾನಾಗಿ ಎಳೆದುಕೊಂಡಿದ್ದು ಅಂತ ಫಿಸಿಯೋ ಹೇಳಿದ್ರು. ಬೇಕು ಅಂತ ಆಡಿಸಿದಾಗ ಗೊತ್ತಾಗುತ್ತೆ. ನಾನು ಗೇಟ್ ತೆಗೆದ ಸದ್ದಿಗೆ ಬಾಲ ಆಡಿಸಿದ್ದು 16ನೇ ದಿನ. ನಿಂತಲ್ಲೇ ನಿಂತುಬಿಟ್ಟೆ.

ಆಗ ಆಟಿ ಮಳೆ, ಬಟ್ಟೆ ಒಣಗೋದೇ ಇಲ್ಲ. ಹಾಸೋ ಬಟ್ಟೆ ಕಮ್ಮಿ ಅಂದ್ರೂ ಹತ್ತು ಹನ್ನೆರಡು ಇಟ್ಟುಕೊಳ್ಳಿ.

ರಾಣಿ ಅಪ್ಪ, ಹುಬ್ಬಳ್ಳಿ

ಹೆದರಿಸೋಕೆ ಬರೀತಿಲ್ಲ, ಆದರೆ ಎಲ್ಲರೂ ನಡೆದ ಕಥೆ ಮಾತ್ರ ಹೇಳಿದರೆ ನಡೆಯದ ನಾಯಿಯ ಮನೆಯವರು ಒಂಟಿ ಆಗಿಬಿಡ್ತಾರೆ. ನಮ್ಮ ರಾಣಿ ನಡೆಯಲಿಲ್ಲ. ನಾವು ಡಾಕ್ಟರ್ ಹತ್ತಿರ ಹೋಗೋ ಹೊತ್ತಿಗೆ ಬೆರಳಿನ ನೋವೂ ಹೋಗಿತ್ತು. ಅಂಥ ಸ್ಥಿತಿಯಲ್ಲಿ ಆಪರೇಷನ್ ಆದ್ರೂ ಹೆಚ್ಚುಕಮ್ಮಿ ಅರ್ಧದಷ್ಟು ನಾಯಿಗಳು ಮಾತ್ರ ಚೇತರಿಸಿಕೊಳ್ಳುತ್ತವೆ ಅಂತ ಮೊದಲೇ ಹೇಳಿದ್ದರು. ಆರು ತಿಂಗಳು ಕಾದೆವು. ಆಮೇಲೆ ಹಿಂಗಾಲಿಗೆ ಎರಡು ಚಕ್ರದ ಗಾಡಿ ಮಾಡಿಸಿದೆವು. ಮೊದಲ ದಿನ ಕಟ್ಟಿದಾಗ ಐದು ನಿಮಿಷ ಅಲುಗಾಡಲಿಲ್ಲ. ಎದುರು ಮನೆ ಬೆಕ್ಕು ಕಂಪೌಂಡ್ ಮೇಲೆ ಬಂತು ನೋಡಿ, ಧಡಧಡ ಅಂತ ಓಡಿದಳು. ಮೂರು ವರ್ಷ ಆಯ್ತು, ಈಗಲೂ ದಿನಾ ಹಾಗೇ. ಗಾಡಿ ಇಡೀ ದಿನ ಕಟ್ಟೋದಿಲ್ಲ, ತೊಡೆ ಸಂದಿ ಉಜ್ಜುತ್ತೆ. ಒಂದು ಹೊತ್ತಿಗೆ ಅರ್ಧ ಗಂಟೆ. ಮೂತ್ರ ಈಗಲೂ ನಾನೇ ತೆಗೀತೀನಿ, ಎರಡು ನಿಮಿಷದ ಕೆಲಸ.

ಗುಂಡನ ಅಮ್ಮ

ರಾಣಿ ಅಪ್ಪ, ನೀವು ಬರೆದಿದ್ದು ತುಂಬಾ ಒಳ್ಳೇದಾಯ್ತು.

ಜಿಮ್ಮಿ ಮನೆಯವರೇ, ಕೂಡಿಹಾಕೋ ವಿಷಯ ಹೇಳೋದು ಬಿಟ್ಟೆ, ಅದೇ ಎಲ್ಲಕ್ಕಿಂತ ಕಷ್ಟದ್ದು. ನಮಗೆ 6 ವಾರ ಅಂದಿದ್ದರು. ಎದ್ದು ನಿಲ್ಲೋಕೆ, ಸುತ್ತು ತಿರುಗೋಕೆ ಆಗುವಷ್ಟು ಜಾಗ, ಅಷ್ಟೇ. ನಾವು ಮಕ್ಕಳ ಪ್ಲೇಪೆನ್ ತಂದು ಹಾಲ್‌ನಲ್ಲೇ ಇಟ್ಟೆವು, ಎಲ್ಲರೂ ಕಣ್ಣೆದುರು ಇದ್ದರೆ ಅಳು ಕಮ್ಮಿ. ಮೊದಲ ವಾರ ಸುಲಭ, ಅವನಿಗೇ ಶಕ್ತಿ ಇರಲ್ಲ. ನಾಲ್ಕನೇ ವಾರ ಕಷ್ಟ. ಕಾಲು ಬಂದಿರುತ್ತೆ, ಅವನು ಹುಷಾರಾದೆ ಅಂದುಕೊಂಡಿರ್ತಾನೆ, ಒಳಗೆ ಇನ್ನೂ ಮಾಗಿರಲ್ಲ. ನಮ್ಮಲ್ಲಿ ಬಂದ ನೆಂಟರ ಮಗು ಪಾಪ ಅಂತ ಬಾಗಿಲು ತೆಗೆದುಬಿಟ್ಟಿತು. ಗುಂಡ ನೇರ ಹೋಗಿ ದಿವಾನದ ಮೇಲೆ ಹಾರೋಕೆ ಹೋಗಿ ಬಿದ್ದ. ಕಿರುಚಿದ ಸದ್ದು ಇನ್ನೂ ಕಿವಿಯಲ್ಲಿದೆ. ಪುಣ್ಯಕ್ಕೆ ಏನೂ ಆಗಲಿಲ್ಲ, ಎರಡು ದಿನ ನೋವು ತಿಂದ. ಅವತ್ತೇ ಪ್ಲೇಪೆನ್‌ಗೆ ಕೊಂಡಿ ಹಾಕಿಸಿ, ಮೇಲೆ ಬಲೆ ಕಟ್ಟಿದೆವು. ಕಾಲಿಂಗ್ ಬೆಲ್ ಬ್ಯಾಟರಿಯನ್ನೂ ತೆಗೆದಿಟ್ಟೆ, ಬೆಲ್ ಆದರೆ ಎದ್ದು ಕುಣೀತಿದ್ದ. ದೀಪಾವಳಿ ಹತ್ತಿರ ಬಂದರೆ ಪಟಾಕಿಗೆ ಬೆಚ್ಚಿಬೀಳುತ್ತಾನೆ, ಅದನ್ನು ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ.

ಮತ್ತೆ ಊಟ. ಓಡಾಟ ಇಲ್ಲದಾಗ ಮೊದಲಿನಷ್ಟೇ ಹಾಕಿದರೆ ತೂಕ ಏರುತ್ತೆ, ಏರಿದ ತೂಕ ಪೂರ್ತಿ ಆ ಬೆನ್ನಿನ ಮೇಲೆ ಬೀಳುತ್ತೆ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ, ಬಿಸ್ಕೆಟ್ ಬೇಡ. ಬೇಯಿಸಿದ ಸಿಹಿಕುಂಬಳ, ಸೌತೆಕಾಯಿ ಚೂರು ಕೊಡಲಿ, ಅವರಿಗೂ ಕೊಟ್ಟ ಸಮಾಧಾನ. ಪಕ್ಕೆಲುಬು ಕೈಗೆ ಸುಲಭವಾಗಿ ತಾಗಬೇಕು.

ಜಿಮ್ಮಿ ಮನೆಯವರು, 12ನೇ ದಿನ

ಎಲ್ಲರಿಗೂ ತಿಳಿಸೋಣ ಅಂತ ಬರೀತಿದ್ದೀನಿ. ಇವತ್ತು ಹೊಲಿಗೆ ಬಿಚ್ಚಿದರು, ಗಾಯ ಒಣಗಿದೆ. ಸೋಂಕು ಇಲ್ಲ. ಕಾಲು ಇನ್ನೂ ಆಡಿಲ್ಲ. ಮೊದಲಾಗಿದ್ದರೆ ಇಷ್ಟು ಹೊತ್ತಿಗೆ ಅಳುತ್ತಾ ಕೂತಿರ್ತಿದ್ದೆ. ಮಧ್ಯಾಹ್ನದ ಮೂತ್ರ ಈಗ ಅತ್ತೆಯೇ ತೆಗೀತಾರೆ. ನಿಲ್ಲಿಸಿ ಹಿಡಿಯೋಕೆ ಯಾರೂ ಇರಲ್ಲ ಅಂತ ಪಕ್ಕಕ್ಕೆ ಮಲಗಿಸಿ ಮಾಡೋದನ್ನು ಡಾಕ್ಟರ್ ಹೇಳಿಕೊಟ್ಟಿದ್ದರು. ನನಗಿಂತ ಅವರ ಕೈಯೇ ವಾಸಿ. ಜಿಮ್ಮಿ ಅವರ ಹತ್ತಿರ ಹೊಟ್ಟೆ ಬಿಗಿ ಹಿಡಿಯೋದೇ ಇಲ್ಲ. ಫ್ರಿಜ್ ಮೇಲೆ ಕ್ಯಾಲೆಂಡರ್‌ನಲ್ಲಿ ಅವರ ಅಕ್ಷರದಲ್ಲೇ ಬರೆದಿದ್ದಾರೆ: 12 ಗಂಟೆ, 70 ಗ್ರಾಂ, ಬಣ್ಣ ತಿಳಿ.