ಲೀ-ಎನ್‌ಫೀಲ್ಡ್ ಕೋವಿಯ ಹಳೇ ಮರಕ್ಕೆ ಎಷ್ಟು ಕೊಡಬಹುದು?

ಒಹಾಯೊದಿಂದ ಪ್ರಶ್ನೆ:
ನಮ್ಮೂರು ವಿರಾಜಪೇಟೆ. ಅಜ್ಜ ಬರ್ಮಾ ಯುದ್ಧದಲ್ಲಿ ಹೊತ್ತದ್ದು ಇಂಥದ್ದೇ ಕೋವಿ ಎಂದು, ಹೋದ ವರ್ಷ ಇಲ್ಲಿ 1942ರಲ್ಲಿ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಮಾಡಿದ ಲೀ-ಎನ್‌ಫೀಲ್ಡ್ ನಂ. 1 ಕೊಂಡೆ. ಹಿಂದೆ ಯಾರೋ ಜಿಂಕೆ ಬೇಟೆಗೆ ಹಗುರ ಆಗಲೆಂದು ಮುಂದಿನ ಮರವನ್ನು ಅರ್ಧಕ್ಕೆ ಕೊಯ್ದಿದ್ದಾರೆ. ಈಗ ಹಳೇ ಮರದ ಪೂರ್ತಿ ಸೆಟ್ಟಿಗೆ ಒಬ್ಬರು 325 ಡಾಲರ್ ಹೇಳುತ್ತಿದ್ದಾರೆ. ಕೊಡಬಹುದಾ? ಗೊತ್ತಿದ್ದವರು ಹೇಳಿ.

ಪೆನ್ಸಿಲ್ವೇನಿಯಾದಿಂದ:
ಸರ್, ಮೊದಲು ನಳಿಗೆ ಅಳೆಯಿರಿ. 25.2 ಅಂಗುಲ ಇರಬೇಕು. ಎಷ್ಟೋ ಕಡೆ ಮರದ ಜತೆ ನಳಿಗೆಯನ್ನೂ ಕೊಯ್ದಿರುತ್ತಾರೆ. ಹಾಗಾಗಿದ್ದರೆ ಮೂತಿಗೆ ಹಾಕುವ ಲೋಹದ ಟೋಪಿ (ನೋಸ್‌ಕ್ಯಾಪ್) ಕೂರುವುದಿಲ್ಲ, ಮರಕ್ಕೆ ಕೊಟ್ಟ ದುಡ್ಡು ದಂಡ.

ನಳಿಗೆ ಪೂರ್ತಿ ಇದ್ದರೆ ಸೆಟ್ಟಿಗೆ ಒಟ್ಟಾಗಿ ಬೆಲೆ ಕಟ್ಟಬೇಡಿ, ತುಂಡು ತುಂಡಾಗಿ ನೋಡಿ. ಹೆಗಲಿಗೆ ಕೊಡುವ ಬಟ್, ನಳಿಗೆಯ ಕೆಳಗಿನ ಉದ್ದ ಮರ (ನೀವು ಹೇಳಿದ ಮುಂದಿನ ಮರ), ನಳಿಗೆಯ ಮೇಲಿನ ಎರಡು ಹೊದಿಕೆ. ಬೇಟೆಗಾರರು ಬಟ್ ಉಳಿಸಿಕೊಂಡಿದ್ದರಿಂದ ಅದು ಧಾರಾಳವಾಗಿ ಸಿಗುತ್ತದೆ. ಕೊಯ್ದು ಬಿಸಾಡಿದ್ದು ಉದ್ದ ಮರವನ್ನು, ಬೆಲೆ ಇರುವುದೂ ಅದಕ್ಕೇ.

ಅದರ ಹಿಂತುದಿಯ ಫೋಟೋ ಕೇಳಿ. ಬಟ್ಟಿನೊಳಗಿನ ಉದ್ದ ಬೋಲ್ಟಿನ ಚೌಕ ತುದಿ ಈ ಮರದ ಹಿಂಬದಿಯ ಪಟ್ಟಿಯಲ್ಲಿ ಕೂತಿರುತ್ತದೆ. ಈ ಉದ್ದ ಮರ ತೆಗೆಯದೆ ಬೋಲ್ಟ್ ತಿರುಗಿಸಿದರೆ ಮರ ಸೀಳುತ್ತದೆ. ನಾನೇ ಹಾಗೆ ಒಂದು ಒಳ್ಳೇ ಆಕ್ರೋಟು ಮರ ಸೀಳಿದ್ದೇನೆ, ಇವತ್ತಿಗೂ ಸಂಕಟವಾಗುತ್ತದೆ. ಅಂಟು ಹಾಕಿ ಮುಚ್ಚಿದ ಸೀಳು ಹೊರಗಿನಿಂದ ಕಾಣುವುದಿಲ್ಲ, ಒಳಮೈ ನೋಡಲೇಬೇಕು.

ಆಮೇಲೆ ಮರದ ಮೇಲೆ ಹೊಡೆದ ಕಾರ್ಖಾನೆಯ, ಸೇನೆಯ ಮುದ್ರೆಗಳು. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ್ದರೆ ಅಂಚು ದುಂಡಗಾಗಿ ಮುದ್ರೆ ಮಸುಕಾಗಿರುತ್ತದೆ. ಸೇನೆಯವರು ಹಚ್ಚುತ್ತಿದ್ದದ್ದು ಅಗಸೆ ಎಣ್ಣೆ. ಮೇಲೆ ವಾರ್ನಿಶ್ ಹೊಳೆಯುತ್ತಿದ್ದರೆ ನಾನಂತೂ ಅಂಥ ಮರದ ತಂಟೆಗೆ ಹೋಗುವುದಿಲ್ಲ. ಗೀರು, ಕಲೆ, ಎಣ್ಣೆಗಪ್ಪು ಇದ್ದರೆ ಚಿಂತೆಯಿಲ್ಲ.

ಬೆಲೆಗೆ ಮಾರುವವರು ಹೇಳುವ ಮೊತ್ತ ಆಧಾರವಲ್ಲ. ಹರಾಜಿನಲ್ಲಿ ಮಾರಾಟ ಮುಗಿದವುಗಳ ಬೆಲೆಯನ್ನು ಅಂಚೆ ಖರ್ಚು ಸೇರಿಸಿ ಬರೆದಿಟ್ಟುಕೊಳ್ಳಿ. ಉದ್ದ ಮರ ಸೀಳಿಲ್ಲದೆ, ಉಜ್ಜದೆ ಇದ್ದರೆ ನಾನು 325 ಕೊಡುತ್ತೇನೆ. ಸೀಳಿದ್ದರೆ ಅರ್ಧವೂ ಜಾಸ್ತಿ.

ಒಂದು ಮಾತು: ಮರದ ಮೂತಿಯ ಅಡಿಯಲ್ಲಿ ಬೇರೆ ಕೋವಿಯ ನಂಬರ್ ಇರಬಹುದು. ಅದನ್ನು ಕೆರೆದು ನಿಮ್ಮ ನಂಬರ್ ಹೊಡೆಸಬೇಡಿ. ಮುಂದೆ ಕೊಳ್ಳುವವರಿಗೆ ಅದು ಮೋಸ.

ಮೆಲ್ಬೋರ್ನ್‌ನಿಂದ:
ಮರ ಯಾವ ಕಾರ್ಖಾನೆಯದೆಂದೂ ಕೇಳಿ. ಆಸ್ಟ್ರೇಲಿಯಾದ ಲಿತ್‌ಗೋ ಕೋವಿ ಕಾರ್ಖಾನೆ ಎರಡನೇ ಮಹಾಯುದ್ಧದಲ್ಲಿ ಕೋಚ್‌ವುಡ್ ಎಂಬ ಇಲ್ಲಿನ ಮರ ಬಳಸಿತ್ತು. ಮೆದು ಮರವಾದ್ದರಿಂದ ಗುಂಡು ಹಾರಿದಾಗಿನ ಏಟು ತಡೆಯಲು ಒಳಗೆ ತಾಮ್ರದ ತುಂಡುಗಳು ಇರುತ್ತವೆ. ಇಶಾಪುರದ ಎಷ್ಟೋ ಮರಗಳಲ್ಲಿ ಬಲಕ್ಕೆಂದು ಅಡ್ಡ ಸ್ಕ್ರೂ ಹಾಕಿದ್ದಾರೆ, ಅದನ್ನು ದೋಷವೆಂದು ತಿಳಿಯಬೇಡಿ. ಮಧ್ಯದ ಕಬ್ಬಿಣದ ಪಟ್ಟಿ ಕೂರುವ ಜಾಗವನ್ನೂ ತೋರಿಸಲು ಹೇಳಿ. ಕೊಯ್ದ ಮರಕ್ಕೆ ಬೇರೆ ತುದಿ ಬೆಸೆಯುವವರು ಜೋಡಣೆಯನ್ನು ಅದರಡಿ ಅಡಗಿಸುತ್ತಾರೆ. ಮಾಡುವವರು ನುರಿತವರಾದರೆ ಅದು ನಿಮಗೇ ಒಳ್ಳೇ ದಾರಿ: ನಿಮ್ಮ ಕೋವಿಯ ಉಳಿದ ಮರ ಹಾಗೇ ಇರುತ್ತದೆ, ಮುಂದಿನ ತುಂಡಷ್ಟೇ ಹುಡುಕಿದರಾಯಿತು.

ಮಡಿಕೇರಿಯಿಂದ:
ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಬರುವಾಗ ಮನೆಯವರಿಗೆ ತೋರಿಸೋಣವೆಂದು ಕೊಯ್ದ ಮರವನ್ನು ಪೆಟ್ಟಿಗೆಯಲ್ಲಿ ತರಬೇಡಿ ಅಣ್ಣ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಎಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ಫೋಟೋ ತನ್ನಿ ಸಾಕು.